ದಫ್ತರಖಾನೆಯ ಕಡತಗಳು ಎಲ್ಲಿ ಹೋದವು?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಹಳತಾಗುವುದೇ ಇಲ್ಲ. ಫೋಟೊ, ವಿಡಿಯೊ, ಮನೆಪತ್ರದ ಸ್ಕ್ಯಾನ್, ಅಜ್ಜನ ಧ್ವನಿ, ಇವನ್ನೆಲ್ಲ ಯಾವುದರಲ್ಲಿ ಹಾಕಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಸಿಗುತ್ತವೆ? ಕೇಳುವವರು ಒಂದೇ ಬಗೆಯವರಲ್ಲ. ಹೊಸಪೇಟೆಯ ಮದುವೆ ಸ್ಟುಡಿಯೊದವರಿಗೆ ಹಳೆಯ ಆಲ್ಬಮ್ಮುಗಳ ಚಿಂತೆ. ಸಂಡೂರಿನ ನಿವೃತ್ತ ಮೇಷ್ಟ್ರಿಗೆ ತಾವು ಓಡಾಡಿ ತೆಗೆದ ಗುಡ್ಡಗಾಡಿನ ಚಿತ್ರಗಳ ಚಿಂತೆ. ಕಂಪ್ಲಿಯ ಗದ್ದೆಯವರಿಗೆ ಪಹಣಿ, ಪಾಲುಪತ್ರಗಳ ಚಿಂತೆ. ಹಂಪಿ ರಸ್ತೆಯ ಕಡ್ಡಿರಾಂಪುರದಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಮೊನೆಯಿದೆ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಮನೆ, ಅಂಗಡಿಗಳನ್ನು ತೆರವು ಮಾಡಿದ ಮೇಲೆ ಅಲ್ಲಿದ್ದ ಕುಟುಂಬಗಳಿಗೆ ಜಾಗ ತೋರಿಸಿದ್ದು ಈ ಊರಿನಲ್ಲಿ. ಒಂದು ಜಾಗದಲ್ಲಿ ಇಷ್ಟು ವರ್ಷ ಬದುಕಿದ್ದೆವು ಎಂದು ತೋರಿಸಲು ಒಂದು ಹಳೆಯ ರಸೀದಿ ಎಷ್ಟು ತೂಗುತ್ತದೆ ಎಂಬುದನ್ನು ಅಂಥ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ಕೇಳಿದವರು ಸಾಮಾನ್ಯವಾಗಿ ಉತ್ತರದಲ್ಲಿ ಒಂದು ವಸ್ತುವಿನ ಹೆಸರು ಬಯಸುತ್ತಾರೆ. ಹಾರ್ಡ್ ಡಿಸ್ಕೋ, ಪೆನ್‌ಡ್ರೈವೋ, ಡಿವಿಡಿಯೋ? ಹೆಸರು ಹೇಳಿದರೆ ಇವತ್ತೇ ಕೊಂಡು ತಂದು ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದ ಇರಬಹುದು. ಇದೇ ನೆಲದಲ್ಲಿ ಇದೇ ಪ್ರಶ್ನೆಗೆ ಸುಮಾರು 580 ವರ್ಷಗಳ ಹಿಂದೆ ಒಬ್ಬರು ಒಂದು ಹೆಸರನ್ನು ಬರೆದಿಟ್ಟು ಹೋಗಿದ್ದಾರೆ. ಮುಂದೆ ಏನಾಯಿತು ಎಂಬುದೂ ನಮಗೆ ಗೊತ್ತಿದೆ.

ಹೆರಾತಿನ ತೈಮೂರಿ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದದ್ದು 1443ರಲ್ಲಿ, ಎರಡನೆಯ ದೇವರಾಯ ಆಳುತ್ತಿದ್ದಾಗ. ಅವನ ಬರಹದಲ್ಲಿ ಆನೆಗಳು, ಮಹಾನವಮಿ, ಬಜಾರಿನ ಗುಲಾಬಿ ಎಲ್ಲ ಇವೆ. ಅದರ ನಡುವೆ ಒಂದು ಸರ್ಕಾರಿ ಕಚೇರಿಯೂ ಇದೆ. ಅರಮನೆಯ ಪಕ್ಕದಲ್ಲಿ ನಲವತ್ತು ಕಂಬದ ಮಂಟಪದಂಥ ದೊಡ್ಡ ದಿವಾನಖಾನೆ, ಅದರ ಮುಂದೆ ಆಳೆತ್ತರಕ್ಕಿಂತ ಎತ್ತರದಲ್ಲಿ ಮೂವತ್ತು ಗಜ ಉದ್ದ, ಆರು ಗಜ ಅಗಲದ ಪಡಸಾಲೆ. ದಾಖಲೆಗಳನ್ನು ಇಡುತ್ತಿದ್ದುದು ಅಲ್ಲಿ, ಕರಣಿಕರು ಕೂತು ಬರೆಯುತ್ತಿದ್ದುದೂ ಅಲ್ಲಿ. ಬರೆಯುವುದರಲ್ಲಿ ಎರಡು ಬಗೆ ಎನ್ನುತ್ತಾನೆ ರಜಾಕ್. ಒಂದು, ಮರದ ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುವುದು. ಅದಕ್ಕೆ ಬಣ್ಣವಿಲ್ಲ, ಬಾಳಿಕೆಯೂ ಕಡಿಮೆ. ಇನ್ನೊಂದು, ಬಿಳಿ ಹಾಳೆಗೆ ಕಪ್ಪು ಬಳಿದು ಮೆತ್ತನೆಯ ಕಲ್ಲಿನ ಕಡ್ಡಿಯಿಂದ ಬರೆಯುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ, ಬಹುಕಾಲ ಬಾಳುತ್ತದೆ, ಜನ ಇದನ್ನೇ ಹೆಚ್ಚು ಮೆಚ್ಚುತ್ತಾರೆ ಎಂದು ಅವನ ತೀರ್ಪು.

ಮೊದಲನೆಯದು ಓಲೆಗರಿ. ಎರಡನೆಯದು ಕಡತ ಎಂದು ಕನ್ನಡ ಓದುಗರಿಗೆ ಕೂಡಲೇ ಹೊಳೆಯುತ್ತದೆ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲು ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟು ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದಂಥ ಕಡೆ ಇಂಥ ಕಡತಗಳು ಉಳಿದಿವೆ. ಅಳಿಸಿ, ಮತ್ತೆ ಕಪ್ಪು ಸವರಿ, ಹೊಸದಾಗಿ ಬರೆಯಬಹುದಾಗಿದ್ದುದರಿಂದ ದಿನಬಳಕೆಯ ಲೆಕ್ಕಕ್ಕೆ ಅದು ಹೇಳಿಮಾಡಿಸಿದಂತಿತ್ತು. ಒಂದು ಸಾಮ್ರಾಜ್ಯದ ತೆರಿಗೆ, ಸೈನ್ಯ, ನಾಯಕರ ಬಾಕಿ ಎಲ್ಲವೂ ಆ ಮೂವತ್ತು ಗಜದ ಪಡಸಾಲೆಯಲ್ಲಿ ಇದ್ದಿರಬೇಕು.

ಇವತ್ತು ಆ ದಫ್ತರದ ಒಂದು ಮಡಿಕೆಯೂ ಇಲ್ಲ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧ ಸೋತ ಮೇಲೆ ರಾಜಧಾನಿಯನ್ನು ತಿಂಗಳುಗಟ್ಟಲೆ ಸೂರೆ ಮಾಡಿದರು. ಬೆಂಕಿಯ ಕಲೆಗಳನ್ನು ಅಗೆತದವರು ಇಂದಿಗೂ ತೋರಿಸುತ್ತಾರೆ. ರಜಾಕನ ತೀರ್ಪು ತಾಂತ್ರಿಕವಾಗಿ ತಪ್ಪಾಗಿತ್ತು ಎನ್ನುವಂತಿಲ್ಲ. ಕಡತ ಗಟ್ಟಿಯೇ. ಆದರೆ ಎಲ್ಲವೂ ಒಂದೇ ಕಟ್ಟಡದಲ್ಲಿತ್ತು. ಬಾಳಿಕೆಯಿಲ್ಲ ಎಂದು ಅವನು ಬದಿಗೆ ಸರಿಸಿದ ಓಲೆಗರಿಯಲ್ಲಿದ್ದ ಪಂಪ, ರನ್ನ, ಕುಮಾರವ್ಯಾಸರನ್ನು ನಾವು ಇಂದಿಗೂ ಓದುತ್ತಿದ್ದೇವೆ. ಒಂದು ಗರಿಯೇ ಅಷ್ಟು ಕಾಲ ಉಳಿದದ್ದರಿಂದಲ್ಲ. ಗರಿ ಜೀರ್ಣವಾಗುವ ಮೊದಲು ಯಾರೋ ಇನ್ನೊಂದು ಗರಿಗೆ ಪ್ರತಿ ಮಾಡಿದರು, ಆ ಪ್ರತಿ ಬೇರೆ ಊರಿನ ಬೇರೆ ಮನೆಯ ಅಟ್ಟದಲ್ಲಿತ್ತು.

ಹತ್ತನೆಯ ಶತಮಾನದ ಅತ್ತಿಮಬ್ಬೆಗೆ ಈ ಗುಟ್ಟು ಪೂರ್ತಿ ಗೊತ್ತಿತ್ತು. ಪೊನ್ನನ ಶಾಂತಿಪುರಾಣವನ್ನು ಅವಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಗಟ್ಟಿ ತಾಳೆಗರಿಗಾಗಿ ಅವಳು ಹುಡುಕಾಡಿದ ಕತೆ ಎಲ್ಲೂ ಇಲ್ಲ, ಸಂಖ್ಯೆಯ ಕತೆ ಮಾತ್ರ ಇದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯಕ್ಕೆ ಇನ್ನೊಬ್ಬ ಅತ್ತಿಮಬ್ಬೆ ಸಿಗಲಿಲ್ಲ, ಆ ಕಾವ್ಯ ಕಳೆದೇಹೋಯಿತು. ತೀರಾ ಹತ್ತಿರದಲ್ಲಿ ತಪ್ಪಿದ ಅಪಾಯವೂ ಒಂದಿದೆ. ಧವಲಾ ಎಂಬ ಜೈನ ಮಹಾಗ್ರಂಥದ ಹಳೆಯ ಓಲೆಪ್ರತಿಗಳು ಶತಮಾನಗಳ ಕಾಲ ಉಳಿದಿದ್ದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲೇ. ಭಕ್ತರು ದರ್ಶನ ಮಾಡುತ್ತಿದ್ದರೇ ಹೊರತು ಪ್ರತಿ ಮಾಡುತ್ತಿರಲಿಲ್ಲ. 1896ರ ಸುಮಾರಿಗೆ ನಕಲು ಮಾಡುವ ಕೆಲಸ ಶುರುವಾಯಿತು, ಮುದ್ರಣಕ್ಕೆ ಬಂದದ್ದು 1939ರಲ್ಲಿ. ಅಷ್ಟರೊಳಗೆ ಒಂದು ಮಳೆಗಾಲ ಬಸದಿಯ ಮಾಡು ಸೋರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದಿರುವುದೇ ಲೇಸು.

ಹಾಗಾದರೆ ಕಲ್ಲು? ಹಂಪಿಯವರು ತಟ್ಟನೆ ಕೇಳುವುದು ಇದನ್ನೇ. ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ, 1510ರ ಶಾಸನ ಇವತ್ತಿಗೂ ನಿಂತಿದೆ. ಬೆಂಕಿ ಅದಕ್ಕೆ ತಾಗಲಿಲ್ಲ. ಆದರೆ ಕಲ್ಲಿನಲ್ಲಿ ಹಿಡಿಸುವುದು ಎಷ್ಟು? ಮೂರು ಸಾವಿರ ಅಕ್ಷರಗಳ ದೊಡ್ಡ ಶಾಸನವನ್ನು ಇಂದಿನ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಒಂಬತ್ತು ಸಾವಿರ ಬೈಟ್ ಆಗುತ್ತದೆ. ಅದೇ ಶಾಸನದ ಮುಂದೆ ನಿಂತು ಪ್ರವಾಸಿಯೊಬ್ಬ ಮೊಬೈಲಿನಲ್ಲಿ ತೆಗೆದುಕೊಳ್ಳುವ ಒಂದು ಸೆಲ್ಫಿ ನಾಲ್ಕು ಎಂಬಿ ಎಂದರೂ ಅಂಥ ನಾನೂರಕ್ಕೂ ಹೆಚ್ಚು ಶಾಸನಗಳಷ್ಟು ಜಾಗ ತಿನ್ನುತ್ತದೆ. ರಾಯರಿಗೆ ಏನನ್ನು ಕೆತ್ತಿಸಬೇಕು, ಏನನ್ನು ಬಿಡಬೇಕು ಎಂಬ ವಿವೇಚನೆ ಅನಿವಾರ್ಯವಾಗಿತ್ತು. ನಮಗೆ ಅದು ಅನಿವಾರ್ಯವಲ್ಲ, ಹಾಗಾಗಿ ವಿವೇಚನೆಯೂ ಇಲ್ಲ. ಈ ಮಾತಿಗೆ ಆಮೇಲೆ ಬರೋಣ.

ಈಗ ಅಂಗಡಿಗೆ ಹೋಗೋಣ. ಕೌಂಟರಿನ ಮೇಲೆ ಕಣ್ಣಿಗೆ ಬೀಳುವುದು ಪೆನ್‌ಡ್ರೈವ್. ಇತ್ತೀಚೆಗೆ ಎಸ್‌ಎಸ್‌ಡಿ ಎಂಬ ಅದರ ದೊಡ್ಡಣ್ಣನೂ ಇದ್ದಾನೆ. ಇವೆರಡರ ಒಳಗೂ ತಿರುಗುವ ಚಕ್ರವಿಲ್ಲ, ಕೆಳಗೆ ಬಿದ್ದರೆ ಒಡೆಯುವಂಥದ್ದೂ ಇಲ್ಲ. ‘ಪೆನ್‌ಡ್ರೈವ್‌ನಾಗ ಹಾಕೀವಿ, ಏನೂ ಆಗಂಗಿಲ್ಲ ಬಿಡಣ್ಣ’ ಎಂಬ ನಂಬಿಕೆ ಹುಟ್ಟಿರುವುದು ಇದರಿಂದ. ಒಳಗಿನ ವ್ಯವಸ್ಥೆ ಬೇರೆಯೇ ಇದೆ. ಅಲ್ಲಿ ಮಾಹಿತಿ ಎಂದರೆ ಕೋಟ್ಯಂತರ ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶ. ಪ್ರತಿ ಕೋಶವೂ ನೂಲೆಳೆಯಷ್ಟು ಸೋರುವ ಗಡಿಗೆ, ಕರೆಂಟು ಕೊಡದೆ ಬಿಟ್ಟಷ್ಟು ದಿನ ನೀರು ಇಳಿಯುತ್ತಲೇ ಇರುತ್ತದೆ. ಬಿಸಿ ಹೆಚ್ಚಿದಷ್ಟು ಸೋರುವುದೂ ಹೆಚ್ಚು. ಈ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆದು ಅಳಿಸಿ ತನ್ನ ಆಯಸ್ಸು ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ದೊಡ್ಡ ಸರ್ವರುಗಳಿಗೆಂದು ಮಾಡಿದ್ದಕ್ಕೆ 40 ಡಿಗ್ರಿಯಲ್ಲಿ ಮೂರೇ ತಿಂಗಳು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ತಡೆಯುತ್ತದೆ, ಗಾಬರಿ ಬೇಡ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ, ತಗಡಿನ ಮಾಡಿನ ಕೆಳಗಿನ ಬೀರುವಿನಲ್ಲಿ ಹತ್ತು ವರ್ಷ ಮರೆತಿಡಲು ಇದು ತಕ್ಕ ವಸ್ತುವಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಪೆನ್‌ಡ್ರೈವ್ ಚೆನ್ನ. ಕೂಡಿಡಲು ಅಲ್ಲ.

ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಕಾಂತದ ಗುರುತಾಗಿ ಉಳಿಯುವುದರಿಂದ ಅಷ್ಟು ಬೇಗ ಸೋರುವುದಿಲ್ಲ. ಅಲ್ಲಿ ಕೈಕೊಡುವುದು ಯಂತ್ರ. ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಮೇಜಿನಿಂದ ಒಮ್ಮೆ ಬಿದ್ದರೆ ಮುಗಿಯಿತು. ವರ್ಷಗಟ್ಟಲೆ ಚಾಲೂ ಮಾಡದೆ ಇಟ್ಟರೂ ಕೆಲವು ತಿರುಗಲು ನಿರಾಕರಿಸುತ್ತವೆ. ಲಕ್ಷಗಟ್ಟಲೆ ಡಿಸ್ಕುಗಳನ್ನು ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಅಲ್ಲಿ ವರ್ಷಕ್ಕೆ ಕೆಡುವುದು ನೂರಕ್ಕೆ ಒಂದರಿಂದ ಎರಡು. ಒಂದೂವರೆ ಎಂದೇ ಇಟ್ಟುಕೊಳ್ಳಿ. ಒಂದೇ ಡಿಸ್ಕ್ ಇದ್ದವರಿಗೆ ಇದು ಸಣ್ಣ ಅಪಾಯವಲ್ಲ. ಆದರೆ ಅದೇ ಮಾಹಿತಿ ಎರಡು ಡಿಸ್ಕಿನಲ್ಲಿದ್ದರೆ, ಎರಡೂ ಒಂದೇ ವರ್ಷ ಕೆಡುವ ಸಾಧ್ಯತೆ ನಾಲ್ಕು ಸಾವಿರಕ್ಕೊಂದರ ಆಸುಪಾಸಿಗೆ ಇಳಿಯುತ್ತದೆ. ಈ ಗಣಿತ ನಿಲ್ಲಬೇಕಾದರೆ ಒಂದು ಷರತ್ತಿದೆ. ಎರಡರ ಹಣೆಬರಹವೂ ಬೇರೆಬೇರೆಯಾಗಿರಬೇಕು. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ ಡಿಸ್ಕುಗಳನ್ನು ಒಂದೇ ಟ್ರಂಕಿನಲ್ಲಿಟ್ಟರೆ, ಕಳ್ಳನಿಗೂ ಸಿಡಿಲಿಗೂ ಅವು ಒಂದೇ ಡಿಸ್ಕ್.

ಸ್ಟುಡಿಯೊಗಳ ಹಿಂದಿನ ಕೋಣೆಯಲ್ಲಿ ಇವತ್ತಿಗೂ ರಾಶಿ ಬಿದ್ದಿರುವುದು ಸಿಡಿ, ಡಿವಿಡಿ. ಮನೆಯಲ್ಲಿ ‘ಬರ್ನ್’ ಮಾಡುವ ತಟ್ಟೆಯಲ್ಲಿ ಇರುವುದು ಒಂದು ತೆಳು ಬಣ್ಣದ ಪದರ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು ಬಿದ್ದರೆ ಆ ಬಣ್ಣ ತಾನಾಗಿ ಮಾಸುತ್ತದೆ. ಒಳ್ಳೆಯ ಗುಣಮಟ್ಟದ್ದನ್ನು ಕತ್ತಲಲ್ಲಿ, ತಂಪಿನಲ್ಲಿ ಇಟ್ಟವರಿಗೆ ಇಪ್ಪತ್ತು ವರ್ಷವಾದರೂ ಓಡಿದೆ. ಅಗ್ಗದ್ದನ್ನು ಕಿಟಕಿಯ ಪಕ್ಕ ಇಟ್ಟವರಿಗೆ ಐದೇ ವರ್ಷಕ್ಕೆ ಕೈಕೊಟ್ಟಿದೆ. ಬಣ್ಣದ ಬದಲು ಕಲ್ಲಿನಂಥ ನಿರವಯವ ಪದರವಿರುವ ಎಂ-ಡಿಸ್ಕ್ ಬಂದಾಗ ತಯಾರಕರು ಸಾವಿರ ವರ್ಷದ ಭರವಸೆ ಕೊಟ್ಟರು. ಅದನ್ನು ಹುಟ್ಟುಹಾಕಿದ ಮಿಲೆನಿಯಾಟಾ ಕಂಪನಿ 2016ರಲ್ಲೇ ದಿವಾಳಿಯಾಯಿತು, ತಂತ್ರಜ್ಞಾನ ಬೇರೆಯವರ ಕೈಗೆ ಹೋಯಿತು. ಡಿಸ್ಕ್ ನಿಜಕ್ಕೂ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ತೂರಿಸುವ ಬಾಯಿಯೇ ಇಲ್ಲ. ಬರೆಯಬಲ್ಲ ಬ್ಲೂ-ರೇ ತಯಾರಿಕೆಯನ್ನು ಪ್ಯಾನಸೋನಿಕ್ 2023ರಲ್ಲಿ, ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದವು. ಸಾವಿರ ವರ್ಷದ ತಟ್ಟೆಯನ್ನು ಓದುವ ಯಂತ್ರ ಮೂವತ್ತು ವರ್ಷ ಸಿಕ್ಕರೆ ಪುಣ್ಯ.

ಓದುವ ಯಂತ್ರದ ಈ ತೊಡಕಿಗೂ ನಮ್ಮ ತುಂಗಭದ್ರೆಯ ದಂಡೆಯಲ್ಲೇ ಪುರಾವೆ ಇದೆ. ಕಂಪ್ಲಿಯಿಂದ ಹೊಳೆಗುಂಟ ಕೆಳಗಿಳಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೋಳಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅಕ್ಷರ ಬಂಡೆಯ ಮೇಲೇ ಇತ್ತು. ಓದುವವರು ಮಾತ್ರ ಇರಲಿಲ್ಲ. ಅಶೋಕನ ಕಂಬವೊಂದನ್ನು ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಗೆ ಸಾಗಿಸಿ ತಂದ ಫಿರೋಜ್ ಷಾ ತುಘಲಕ್, ಅದರ ಬರಹವನ್ನು ಓದಿ ಹೇಳಬಲ್ಲ ಒಬ್ಬ ಪಂಡಿತನನ್ನೂ ಹುಡುಕಲಾಗದೆ ಸುಮ್ಮನಾದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸುವವರೆಗೆ ದೇಶದ ತುಂಬ ಇದ್ದ ಆ ಶಾಸನಗಳೆಲ್ಲ ಬರೀ ಗೀಚು.

ಕನ್ನಡದ ಕಂಪ್ಯೂಟರ್ ಬಳಕೆದಾರರಿಗೆ ಇದೇ ಅನುಭವ ಇಪ್ಪತ್ತೈದು ವರ್ಷದೊಳಗೇ ಆಗಿದೆ. ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಆಚೀಚೆ, ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಹೀಗೆ ಒಂದೊಂದು ಡಿಟಿಪಿ ಅಂಗಡಿಯಲ್ಲಿ ಒಂದೊಂದು ತಂತ್ರಾಂಶವಿತ್ತು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದವು. ಕನ್ನಡ ಯೂನಿಕೋಡಿನಲ್ಲಿ 1991ರಿಂದಲೇ ಇದ್ದರೂ ಅದು ನಮ್ಮ ಮೇಜಿನ ಮೇಲೆ ಬಂದದ್ದು ತಡವಾಗಿ. ಆ ಕಾಲದ ಸಂಶೋಧನ ಪ್ರಬಂಧವನ್ನೋ ಮನೆತನದ ಚರಿತ್ರೆಯನ್ನೋ ಇವತ್ತು ತೆರೆದರೆ ಪರದೆ ತುಂಬ ಕೊಂಬು, ಬಾಲ, ಚುಕ್ಕಿಗಳಿರುವ ವಿಚಿತ್ರ ರೋಮನ್ ಅಕ್ಷರಗಳ ಸಂತೆ. ಫೈಲು ಕೆಟ್ಟಿಲ್ಲ, ಒಂದು ಬೈಟೂ ಕಳೆದಿಲ್ಲ. ಫಾಂಟು ಇಲ್ಲದಿರುವುದೇ ಕಾರಣ. ನುಡಿ, ಬರಹದ ಬರಹಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ. ಉಳಿದ ಕೆಲವಕ್ಕೆ ಸಿಗುವುದು ಕಷ್ಟ. ಡಿಸ್ಕ್ ಯಾವುದು ಎಂದು ತಲೆಕೆಡಿಸಿಕೊಳ್ಳುವ ಮೊದಲು ಅಂಥ ಫೈಲುಗಳನ್ನು ಹುಡುಕಿ ಪರಿವರ್ತಿಸುವುದು ಹೆಚ್ಚು ತುರ್ತಿನ ಕೆಲಸ ಎಂಬುದು ಈ ಅಂಕಣಕಾರನ ಖಚಿತ ಅಭಿಪ್ರಾಯ. ಫೋಟೊ ಆದರೆ ಜೆಪೆಗ್ ಅಥವಾ ಟಿಫ್, ದಾಖಲೆಯಾದರೆ ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ಮಾನದಂಡವಾಗಿ ಬಂದ ಪಿಡಿಎಫ್-ಎ, ಬರಹವಾದರೆ ಯೂನಿಕೋಡ್. ಒಂದೇ ಕಂಪನಿಯ ತಂತ್ರಾಂಶಕ್ಕೆ ಜೋತುಬಿದ್ದ ಯಾವ ನಮೂನೆಯೂ ಬೇಡ.

ಧ್ವನಿಯ ಕತೆ ಇನ್ನೂ ತುರ್ತಿನದು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಓದು ಬರಹ ಬಲ್ಲವರಲ್ಲ. ಬುರ್ರಕಥೆಯ ಮಹಾಕಾವ್ಯಗಳು ಅವರ ನೆನಪಿನಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಪುಸ್ತಕವಾಗಿ ತಂದಿತು. ಈರಮ್ಮ ತೀರಿಕೊಂಡದ್ದು 2014ರಲ್ಲಿ. ಅಚ್ಚಾದದ್ದು ಉಳಿಯಿತು. ಆದರೆ ಆ ಕಾಲದಲ್ಲಿ ನಾಡಿನ ಉದ್ದಗಲಕ್ಕೂ ಜಾನಪದ ಸಂಗ್ರಹಕಾರರು ಹೆಗಲಿಗೆ ಹಾಕಿಕೊಂಡು ತಿರುಗಿದ್ದು ಕ್ಯಾಸೆಟ್ ರೆಕಾರ್ಡರನ್ನು. ಆ ಕ್ಯಾಸೆಟ್ಟುಗಳ ಪಾಡೇನು? ಟೇಪಿನ ಅಂಟು ತೇವ ಹೀರಿ ಜಿಗುಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವ ಯಂತ್ರವನ್ನೂ ಅದನ್ನು ರಿಪೇರಿ ಮಾಡುವವರನ್ನೂ ಹುಡುಕಬೇಕು. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ 2025ನ್ನು ಗಡುವು ಎಂದೇ ಹೇಳಿದ್ದವು. ಅದರಾಚೆಗೆ ಹಳೆಯ ಟೇಪುಗಳನ್ನು ಓಡಿಸುವ ಯಂತ್ರಗಳು ಕ್ರಮಬದ್ಧವಾಗಿ ಸಿಗುವ ಭರವಸೆ ಇಲ್ಲ ಎಂದು. ಗಡುವು ಬಂದಾಯಿತು. ಮನೆಯಲ್ಲಿ ಅಜ್ಜಿಯ ಸೋಬಾನೆ ಪದದ ಕ್ಯಾಸೆಟ್ ಇದ್ದವರು ಈ ಬರಹ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಅದನ್ನು ಕಂಪ್ಯೂಟರಿಗೆ ಹತ್ತಿಸುವ ದಾರಿ ನೋಡಿದರೂ ಅಂಕಣಕಾರನಿಗೆ ಬೇಸರವಿಲ್ಲ.

ಟೇಪ್ ಎಂದಾಕ್ಷಣ ಹಳೆಯದು ಎಂದು ಮೂಗು ಮುರಿಯುವಂತಿಲ್ಲ. ದೊಡ್ಡ ಸಂಸ್ಥೆಗಳು ಇಂದಿಗೂ ನೆಚ್ಚಿಕೊಂಡಿರುವುದು ಅದನ್ನೇ, ಎಲ್‌ಟಿಓ ಎಂಬ ಹೊಸ ತಲೆಮಾರಿನ ಟೇಪನ್ನು. 2000ದಲ್ಲಿ ಮೊದಲ ಪೀಳಿಗೆ ಬಂದಾಗ ಒಂದು ಕಾರ್ಟ್ರಿಜ್ಜಿನಲ್ಲಿ ಹಿಡಿಸುತ್ತಿದ್ದುದು 100 ಜಿಬಿ. 2021ರ ಒಂಬತ್ತನೆಯ ಪೀಳಿಗೆಯಲ್ಲಿ 18 ಟಿಬಿ. 2011ರ ಫೆಬ್ರುವರಿಯಲ್ಲಿ ಒಂದು ತಂತ್ರಾಂಶ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಯ ಅಂಚೆಪೆಟ್ಟಿಗೆ ಖಾಲಿಯಾಯಿತು. ಹಲವು ಊರುಗಳ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಗೂಗಲ್ ಕೊನೆಗೆ ಕಾಗದಗಳನ್ನು ಮರಳಿಸಿದ್ದು ಕರೆಂಟಿನ ಸಂಪರ್ಕವೂ ಇಲ್ಲದೆ ಕಪಾಟಿನಲ್ಲಿದ್ದ ಟೇಪಿನಿಂದ. ತಂಪಾದ, ಒಣಗಿದ ಕೋಣೆಯಲ್ಲಿ ಮೂವತ್ತು ವರ್ಷ ಎಂದು ತಯಾರಕರ ಮಾತು. ಆದರೆ ಓದುವ ಡ್ರೈವಿನ ಬೆಲೆ ಲಕ್ಷಗಳಲ್ಲಿದೆ. ಏಳನೆಯ ಪೀಳಿಗೆಯವರೆಗೆ ಪ್ರತಿ ಡ್ರೈವ್ ತನಗಿಂತ ಎರಡು ಪೀಳಿಗೆ ಹಿಂದಿನ ಟೇಪನ್ನೂ ಓದುತ್ತಿತ್ತು, ಎಂಟು ಮತ್ತು ಒಂಬತ್ತನೆಯವು ಒಂದೇ ಪೀಳಿಗೆ ಹಿಂದಿನದನ್ನು. ಅಂದರೆ ಟೇಪು ಮೂವತ್ತು ವರ್ಷ ಬಾಳಿದರೂ ಹತ್ತು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸುವುದು ತಪ್ಪದು. ಮನೆಗೆ ಇದು ಹೇಳಿಸಿದ್ದಲ್ಲ. ವಿಶ್ವವಿದ್ಯಾಲಯಗಳಿಗೆ, ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡಿಸುತ್ತಿರುವ ಕಂದಾಯ ಇಲಾಖೆಗೆ, ಹಂಪಿಯ ಗುಡಿಗಳನ್ನು ಲೇಸರಿನಲ್ಲಿ ಅಳೆದು ಮೂರು ಆಯಾಮದ ಮಾದರಿ ಮಾಡುವ ಯೋಜನೆಗಳಿಗೆ ಇದು ಸರಿ. ಹಾಗೆ ಟೇಪು ಕೊಳ್ಳುವ ಕಚೇರಿ ಅದರ ಜೊತೆಗೇ ವರ್ಗಾವಣೆಯ ಖರ್ಚನ್ನೂ ಬಜೆಟ್ಟಿನಲ್ಲಿ ಬರೆದಿಡಬೇಕು. ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾಸಾ ಸಾಕ್ಷಿ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಅಪೊಲೊ 11ರ ಮೂಲ ಸಂಕೇತಗಳ ಟೇಪುಗಳನ್ನು, ಟೇಪಿನ ಕೊರತೆಯಿದ್ದ ಕಾಲದಲ್ಲಿ, ನಮ್ಮ ಕಡತದಂತೆಯೇ ಅಳಿಸಿ ಮತ್ತೆ ಬಳಸಿಬಿಟ್ಟಿರಬೇಕು ಎಂದು ಆ ಸಂಸ್ಥೆ 2009ರಲ್ಲಿ ಹೇಳಿಕೊಂಡಿತು.

ಕ್ಲೌಡ್ ಬಗ್ಗೆ ಕೇಳುವ ಯುವಕರಿಗೆ ಉತ್ತರ ಚಿಕ್ಕದು: ಅದೊಂದು ಒಳ್ಳೆಯ ಪ್ರತಿ, ಆದರೆ ಒಂದೇ ಪ್ರತಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮನೆಯ ಫೋಟೊಗಳೆಲ್ಲ ಇದ್ದ ಖಾತೆಯ ಯಜಮಾನ ತೀರಿಕೊಂಡರೆ ಎರಡು ವರ್ಷ ಬೇಗ ಕಳೆಯುತ್ತದೆ. ಮೈಸ್ಪೇಸ್ ಎಂಬ ಒಂದು ಕಾಲದ ದೊಡ್ಡ ತಾಣ, ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳ ಸಂಗೀತವನ್ನು ಕಳೆದುಕೊಂಡೆ ಎಂದು 2019ರಲ್ಲಿ ಒಪ್ಪಿಕೊಂಡಿತು. ಅನೇಕ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನುಗಳಿರುವ ಇಂಟರ್ನೆಟ್ ಆರ್ಕೈವ್ 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ದಿನಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆಯಿತು, ನಿಜ.

ಹಾಗಿದ್ದರೂ ದೂರದಲ್ಲೊಂದು ಪ್ರತಿ ಬೇಕೇ ಬೇಕು, ಇದನ್ನು ಹಂಪಿಗಿಂತ ಚೆನ್ನಾಗಿ ಯಾವ ಊರೂ ಹೇಳಲಾರದು. ಕೃಷ್ಣದೇವರಾಯ, ಅಚ್ಯುತರಾಯರ ಕಾಲದ ನಗರದ ಬದುಕನ್ನು ಕಣ್ಣಿಗೆ ಕಟ್ಟುವಂತೆ ಹೇಳುವವರು ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜ್. ಅವರ ಬರಹ ಹಡಗು ಹತ್ತಿ ಯುರೋಪಿಗೆ ಹೋಯಿತು, ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಸುಮ್ಮನೆ ಕುಳಿತಿತ್ತು, 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ದಿವಾನಖಾನೆಯ ದಫ್ತರವೆಲ್ಲ ಹೋದರೂ ಹೊರಗೆ ಹೋದ ಎರಡು ಬರಹಗಳು ಉಳಿದವು. ಕರ್ನಲ್ ಮೆಕೆಂಜಿ ಊರೂರು ತಿರುಗಿಸಿ ಬರೆಸಿದ ಕೈಫಿಯತ್ತುಗಳದ್ದೂ ಅದೇ ಹಾದಿ. ಗ್ರಾಮದ ಬಾಯಿಮಾತು, ಹಳೆಯ ಕಡತಗಳಿಂದ ಕಾಗದಕ್ಕೆ ಬಂದವು, ಮದರಾಸಿನಲ್ಲಿ ಉಳಿದವು, ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದಲೇ ಪುಸ್ತಕವಾದವು.

ಚಿತ್ರಗಳಲ್ಲೂ ಇಂಥದ್ದೊಂದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಗುಡಿ, ಮಂಟಪಗಳ ಚಿತ್ರ ತೆಗೆದ. ಅವು ಬೆಳಕಿಗೆ ಬಂದದ್ದು 1980ರ ಸುಮಾರಿಗೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ. ಒಂದು ಶತಮಾನಕ್ಕೂ ಮೀರಿ ಯಾರೂ ಕೇಳದೆ ಬಿದ್ದಿದ್ದ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಸಾಕು, ಕಂಬಗಳು ಕಾಣುತ್ತವೆ. ಡ್ರೈವರ್ ಬೇಡ, ಪಾಸ್‌ವರ್ಡ್ ಬೇಡ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಹಳೆಯ ಕಲ್ಲಿದ್ದಲು ಗಣಿಯೊಂದರಲ್ಲಿ 2017ರಲ್ಲಿ ಶುರುವಾದ ಆರ್ಕ್ಟಿಕ್ ವರ್ಲ್ಡ್ ಆರ್ಕೈವ್ ಕೂಡ ಡಿಜಿಟಲ್ ಮಾಹಿತಿಯನ್ನು ಫಿಲ್ಮಿನ ಮೇಲೇ ಅಚ್ಚೊತ್ತಿ ಇಡುವುದು. ಬೇರೇನೂ ಇಲ್ಲದಿದ್ದರೂ ಬೆಳಕು ಮತ್ತು ಭೂತಗನ್ನಡಿ ಇದ್ದೇ ಇರುತ್ತವೆ ಎಂಬ ಲೆಕ್ಕ. ಸಂಡೂರಿನ ಎಂ. ವೈ. ಘೋರ್ಪಡೆಯವರ ಕಪ್ಪು–ಬಿಳುಪು ವನ್ಯಜೀವಿ ಚಿತ್ರಗಳನ್ನು ನೋಡಿದವರಿಗೆ ಬೆಳ್ಳಿಯ ಕಣದ ಫಿಲ್ಮಿನ ಶಕ್ತಿ ಏನೆಂದು ಗೊತ್ತು.

ಇಷ್ಟೆಲ್ಲ ಆದ ಮೇಲೆ, ಕಡ್ಡಿರಾಂಪುರದ ಒಂದು ಮನೆಗೆ ಏನು ಹೇಳುವುದು? ಬೇರೆಬೇರೆ ಕಂಪನಿಯ ಎರಡು ಸಾಧಾರಣ ಹಾರ್ಡ್ ಡಿಸ್ಕ್. ಒಂದು ಮನೆಯಲ್ಲಿ, ಇನ್ನೊಂದು ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಯಲ್ಲಿ. ಮುಖ್ಯವಾದವು ಕ್ಲೌಡಿನಲ್ಲೂ ಇರಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಹೊರಗೆ ಎಂಬ ಈ ಸೂತ್ರವನ್ನು ಜನಪ್ರಿಯ ಮಾಡಿದವನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಲೆಕ್ಕದ ಪುಸ್ತಕ ತೆಗೆಯುವ ಹೊತ್ತಿಗೇ ಎಂದಿಟ್ಟುಕೊಳ್ಳಿ, ಎರಡೂ ಡಿಸ್ಕನ್ನು ಚಾಲೂ ಮಾಡಿ ನೋಡುವುದು. ಐದು ವರ್ಷವಾಗುವಷ್ಟರಲ್ಲಿ ಕೆಡಲಿ, ಕೆಡದಿರಲಿ, ಹೊಸ ಡಿಸ್ಕಿಗೆ ನಕಲು ಮಾಡುವುದು. ನಕಲು ಮಾಡುವಾಗ ಸದ್ದಿಲ್ಲದೆ ಒಂದೆರಡು ಬಿಟ್ ತಪ್ಪುವುದುಂಟು. ಅದನ್ನು ಹಿಡಿಯಲು ಪ್ರತಿ ಫೈಲಿಗೂ ಚೆಕ್‌ಸಮ್ ಎಂಬ ಬೆರಳ ಗುರುತನ್ನು ಲೆಕ್ಕ ಹಾಕಿ ಬರೆದಿಡುವ ಉಚಿತ ತಂತ್ರಾಂಶಗಳಿವೆ. ಫೈಲಿನ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಮನೆಯಲ್ಲಿ ಕಾಲೇಜು ಓದುವ ಹುಡುಗರಿದ್ದರೆ ಅವರಿಗೆ ಒಪ್ಪಿಸಬಹುದಾದ ಕೆಲಸ.

ಇನ್ನು, ಮುಂದೂಡಿದ್ದ ಮಾತು. ಒಂದು ಮೊಬೈಲಿನಲ್ಲಿ ಹತ್ತು ಸಾವಿರ ಚಿತ್ರಗಳಿರುವ ಮನೆಯಲ್ಲಿ ಎಲ್ಲವನ್ನೂ ಐದೈದು ವರ್ಷಕ್ಕೆ ಸಾಗಿಸಲು ಯಾರಿಗೂ ತಾಳ್ಮೆ ಇರುವುದಿಲ್ಲ, ಹಾಗಾಗಿ ಯಾವುದೂ ಸಾಗುವುದಿಲ್ಲ. ವರ್ಷಕ್ಕೆ ಐವತ್ತು ಚಿತ್ರ ಆರಿಸುವುದು, ಅದರಲ್ಲಿ ಇಪ್ಪತ್ತನ್ನು ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಹಾಕಿಸುವುದು, ಹಿಂದೆ ಪೆನ್ಸಿಲ್ಲಿನಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯುವುದು ಸಾಕು. ಹೆಸರಿಲ್ಲದ ಫೋಟೊ ಎರಡನೆಯ ತಲೆಮಾರಿಗೆ ಅಪರಿಚಿತರ ಫೋಟೊ. ಮನೆಪತ್ರದ ಸ್ಕ್ಯಾನ್ ಇದೆಯೆಂದು ಮೂಲಪತ್ರವನ್ನು ಎಸೆಯಬಾರದು. ಕೋರ್ಟಿನಲ್ಲಿ ಮೊದಲು ಕೇಳುವುದು ಮೂಲವನ್ನೇ.

ಸ್ಟುಡಿಯೊದವರ ಚಿಂತೆ ಮಾತ್ರ ಬೇರೆ ಬಗೆಯದು, ಏಕೆಂದರೆ ಅವರ ಹತ್ತಿರ ಇರುವುದು ಬೇರೆಯವರ ಮದುವೆ. ಈಗಿನ ಒಂದು ಮದುವೆಯ ವಿಡಿಯೊ ಸುಲಭವಾಗಿ ನೂರಾರು ಜಿಬಿ ದಾಟುತ್ತದೆ. ಅದನ್ನು ಅನಂತಕಾಲ ಕಾಯುವುದು ಅವರ ಕೈಲಾಗದು, ಕಾಯಬೇಕೆಂಬ ಕಾನೂನೂ ಇಲ್ಲ. ಆದರೆ ಹತ್ತು ವರ್ಷದ ಮೇಲೆ ಬಂದು ‘ಅಪ್ಪ ಮಾತಾಡಿದ್ದು ಆ ವಿಡಿಯೊದಾಗ ಮಾತ್ರ ಐತ್ರಿ’ ಎನ್ನುವ ಗಿರಾಕಿಗೆ ಏನು ಹೇಳುವುದು? ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಬಹುದು: ನಿಮ್ಮ ಮೂಲ ವಿಡಿಯೊವನ್ನು ಇಂತಿಷ್ಟು ತಿಂಗಳು ಇಟ್ಟುಕೊಳ್ಳುತ್ತೇವೆ, ಆಮೇಲೆ ಅಳಿಸುತ್ತೇವೆ, ಅಷ್ಟರೊಳಗೆ ನಿಮ್ಮದೇ ಎರಡು ಡಿಸ್ಕ್ ತಂದು ಪ್ರತಿ ಮಾಡಿಸಿಕೊಳ್ಳಿ. ಎರಡು ಎನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿಸಿದರೆ ಒಳ್ಳೆಯದು.